ನನಗೆ ಮಾತು ಕಲಿಸಿದ ಅಕ್ಕೋರು

ಅವರ ಸೀರೆಯ ಮೇಲೆ, ಮೊಣಕಾಲು ಬರುವ ಜಾಗದಲ್ಲಿ, ಯಾವಾಗಲೂ ಎರಡು ದುಂಡನೆಯ ಮಣ್ಣಿನ ಗುರುತುಗಳಿರುತ್ತಿದ್ದವು. ಮುಂಜಾನೆ ಒಗೆದ ಸೀರೆಯನ್ನೇ ಉಟ್ಟು ಬಂದರೂ ಮಧ್ಯಾಹ್ನದೊಳಗೆ ಅವು ಮೂಡಿಯೇ ಬಿಡುತ್ತಿದ್ದವು. ಯಾವ ಮಗು ಎದುರಾದರೂ ಅವರು ನಿಂತು ಮಾತಾಡುತ್ತಿರಲಿಲ್ಲ. ರಸ್ತೆಯೋ, ಅಂಗಳವೋ, ಸಂತೆಯೋ ಎಂದು ನೋಡದೆ ಮೊಣಕಾಲೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು ಮಾತಾಡುತ್ತಿದ್ದರು. ನಮ್ಮ ತಿಕೋಟಾದ ಕಪ್ಪು ಮಣ್ಣು ಒಮ್ಮೆ ಹತ್ತಿತೆಂದರೆ ಸುಮ್ಮನೆ ಬಿಡುವುದಲ್ಲ. ನಾನು ಬಟ್ಟೆ ಹೊಲಿಯುವವನು. ಮನುಷ್ಯರ ಮುಖಕ್ಕಿಂತ ಮೊದಲು ಅವರ ಬಟ್ಟೆ ನನ್ನ ಕಣ್ಣಿಗೆ ಬೀಳುತ್ತದೆ. ಅವರು ಮೊದಲ ಸಲ ನನ್ನ ಅಂಗಡಿಯ ಮುಂದೆ ನಿಂತಾಗ ನಾನು ನೋಡಿದ್ದೂ ಅದನ್ನೇ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಊರಿನ ಹೆಣ್ಣುಮಕ್ಕಳ ಮಂಡಳದವರು ಒಂದು ಹಳೆಯ ಪಡಸಾಲೆಯಲ್ಲಿ ಬಾಲವಾಡಿ ತೆಗೆದಿದ್ದರು. ಅದಕ್ಕೆಂದು ವಿಜಾಪುರದಿಂದ ಬಂದವರು ಇವರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಊರಿಗೆಲ್ಲ ಅವರು ಬಾಲವಾಡಿ ಅಕ್ಕೋರು ಆದರು. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಬಾವಿಯ ಹತ್ತಿರದ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಒಬ್ಬಳೇ ಇರುವ ಹೆಂಗಸನ್ನು ಊರು ಹೇಗೆ ನೋಡುತ್ತದೋ ಹಾಗೆಯೇ ನೋಡುತ್ತಿತ್ತು. ಎಲ್ಲರೂ ಗೌರವ ಕೊಡುತ್ತಿದ್ದರು, ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ.

ನನ್ನ ಅಂಗಡಿ ಬಸ್ಸು ನಿಲ್ಲುವ ರಸ್ತೆಗೆ ಹತ್ತಿಕೊಂಡೇ ಇತ್ತು. ಹಿಂದೆ ಮನೆ, ಮುಂದೆ ಮಷೀನು. ನನ್ನ ಹೆಂಡತಿ ಜ್ವರ ಬಂದು ತೀರಿಕೊಂಡಾಗ ಮಗಳು ಶಮೀಮ ಇನ್ನೂ ಅಂಬೆಗಾಲಿನ ಕೂಸು. ಮನೆಯಲ್ಲಿ ಅಮ್ಮ ಇದ್ದಳು. ಆದರೆ ಅವಳಿಗೆ ಕಾಲುನೋವು, ಕಿವಿಯೂ ಅಷ್ಟಕ್ಕಷ್ಟೆ. ಮಗು ನಡೆಯಲು ಕಲಿತಾಗ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಎದುರಿಗೇ ಬಸ್ಸುಗಳು ತಿರುಗುತ್ತಿದ್ದವು. ಕೊನೆಗೆ ಲಂಗದ ಅಂಚಿನಿಂದ ಉಳಿದ ಉದ್ದನೆಯ ಪಟ್ಟಿಯೊಂದನ್ನು ಅವಳ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮಷೀನಿನ ಕಬ್ಬಿಣದ ಕಾಲಿಗೆ ಕಟ್ಟಿದೆ. ಅವಳು ಆ ಪಟ್ಟಿಯ ಅಳತೆಯಲ್ಲೇ ಆಡುತ್ತಿದ್ದಳು. ಅಳುತ್ತಲೂ ಇರಲಿಲ್ಲ. ಮೂರು ವರ್ಷ ತುಂಬಲು ಬಂದರೂ ಒಂದು ಮಾತೂ ಆಡುತ್ತಿರಲಿಲ್ಲ.

ದರ್ಗಾಕ್ಕೆ ಕರೆದೊಯ್ದು ದಾರ ಕಟ್ಟಿಸಿದ್ದೆ. ವಿಜಾಪುರದ ಡಾಕ್ಟರರಿಗೂ ತೋರಿಸಿದ್ದೆ. ಕಿವಿ ಚೆನ್ನಾಗಿವೆ, ನಾಲಿಗೆಯೂ ಚೆನ್ನಾಗಿದೆ, ಕಾಯಿರಿ ಎಂದಿದ್ದರು. ಗಿರಾಕಿಗಳು ಮಾತ್ರ ಕಾಯುತ್ತಿರಲಿಲ್ಲ. ಮೂಕಿ ಎಂದೇ ಕರೆಯತೊಡಗಿದ್ದರು.

ಅಕ್ಕೋರು ಬಂದದ್ದು ಖಾಲಿ ರೀಲುಗಳನ್ನೂ ಚಿಂದಿಯನ್ನೂ ಕೇಳಲು. ಬಾಲವಾಡಿಯಲ್ಲಿ ಆಟದ ಸಾಮಾನು ಕೊಳ್ಳಲು ದುಡ್ಡಿರಲಿಲ್ಲ. ರೀಲುಗಳಿಗೆ ದಾರ ಪೋಣಿಸಿ ಬಂಡಿ ಮಾಡುತ್ತೇನೆ, ಚಿಂದಿ ತುಂಬಿ ಗೊಂಬೆ ಮಾಡುತ್ತೇನೆ ಎಂದರು. ನಾನು ಚೀಲಕ್ಕೆ ತುಂಬುತ್ತಿರುವಾಗ ಅವರ ಕಣ್ಣು ಮಷೀನಿನ ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ಹೋಯಿತು. ಈಗ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅಲ್ಲೇ ಧೂಳಿನಲ್ಲಿ ಮೊಣಕಾಲೂರಿ ಶಮೀಮಳ ಮುಂದೆ ಒಂದು ರೀಲನ್ನು ಉರುಳಿಸಿದರು. ಅವಳು ಅದನ್ನು ತಿರುಗಿ ಉರುಳಿಸಿದಳು. ಹೀಗೆ ಎಷ್ಟೋ ಹೊತ್ತು ನಡೆಯಿತು. ನಾನು ಚೀಲ ಹಿಡಿದುಕೊಂಡು ನಿಂತೇ ಇದ್ದೆ.

ಆಮೇಲೆ ಅವರು ದಿನಾ ಸಂಜೆ, ಬಾಲವಾಡಿ ಮುಚ್ಚಿದ ಮೇಲೆ, ಅಂಗಡಿಯ ಕಟ್ಟೆಗೆ ಬರತೊಡಗಿದರು. ಒಂದು ದಿನ ಕೇಳಿದರು: "ಟೇಲರ್ ಅಣ್ಣಾರ, ಈಕಿ ಜೋಡಿ ದಿನಾ ಯಾರು ಮಾತಾಡ್ತಾರ್ರಿ?"

ಅಮ್ಮನಿಗೆ ಕೇಳಿಸದು, ಹಾಗಾಗಿ ಅವಳು ಮಾತಾಡುವುದನ್ನೇ ಬಿಟ್ಟಿದ್ದಳು. ಹೆಂಡತಿ ಹೋದ ಮೇಲೆ ನನಗೂ ಮನೆಯಲ್ಲಿ ಆಡಲು ಮಾತು ಉಳಿದಿರಲಿಲ್ಲ. ದಿನವಿಡೀ ಆ ಮಗುವಿನ ಕಿವಿಗೆ ಬೀಳುತ್ತಿದ್ದದ್ದು ಮಷೀನಿನ ಸದ್ದು. ಮಕ್ಕಳ ಜೊತೆ ಏನು ಮಾತಾಡುವುದು, ಅವಕ್ಕೆ ಏನು ತಿಳಿಯುತ್ತದೆ ಎಂದೆ.

"ತಿಳಿದ ಮ್ಯಾಲೆ ಮಾತಾಡೂದಲ್ರಿ, ಮಾತಾಡಿದ್ರ ತಿಳೀತದ. ನೀವು ಏನ ಮಾಡಾಕತ್ತೀರಿ ಅದನ್ನ ಹೇಳ್ಕೋತ ಹೋಗ್ರಿ. ನಿಮ್ಮ ಮನಿ ಮಾತಿನ್ಯಾಗ ಹೇಳ್ರಿ. ಕನ್ನಡ ಸಾಲ್ಯಾಗ ಬರತದ."

ಮರುದಿನ ನಮ್ಮ ಮನೆಯ ಉರ್ದುವಿನಲ್ಲಿ ಶುರುಮಾಡಿದೆ. ಯೇ ಧಾಗಾ, ಯೇ ಕೈಂಚಿ, ಯೇ ನೀಲಾ ಕಪ್ಡಾ. ಗಿರಾಕಿ ಬಂದರೆ ನಾಚಿಕೆಯಾಗಿ ನಿಲ್ಲಿಸುತ್ತಿದ್ದೆ. ಟೇಲರನಿಗೆ ತಲೆ ಕೆಟ್ಟಿದೆ, ಕತ್ತರಿಯ ಜೊತೆ ಮಾತಾಡುತ್ತಾನೆ ಎಂದು ಚಹಾದ ಅಂಗಡಿಯಲ್ಲಿ ನಕ್ಕರು. ಶಮೀಮಳ ನಡುವಿನ ಪಟ್ಟಿಯನ್ನು ಬಿಚ್ಚಲು ಅಕ್ಕೋರು ಹೇಳಲಿಲ್ಲ. ಒಂದು ಸಂಜೆ ಎಲ್ಲಿಂದಲೋ ಎರಡು ಹಲಗೆ ತಂದು, ಮಗು ರಸ್ತೆಗೆ ಇಳಿಯದ ಹಾಗೆ ಕಟ್ಟೆಗೆ ಅಡ್ಡ ಇಟ್ಟು, ಇದು ನಿಲ್ಲುತ್ತದೆಯೇ ನೋಡಿರಿ ಎಂದರು. ಹಲಗೆ ನಿಂತಿತು. ಪಟ್ಟಿಯನ್ನು ನಾನೇ ಬಿಚ್ಚಿದೆ.

ತಿಂಗಳುಗಳು ಹೋದವು. ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು, ಅಷ್ಟೇ. ನನಗೆ ಬೇಸರ ಬಂದುಬಿಟ್ಟಿತ್ತು. ಅಂಥ ಒಂದು ಸಂಜೆ ಹೊನವಾಡದ ರೈತನೊಬ್ಬ ತನ್ನ ನೆಹರು ಶರ್ಟು ಕೇಳಲು ಬಂದ. ಅದನ್ನು ನಾನು ಇನ್ನೂ ಕತ್ತರಿಸಿಯೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಹಲಗೆಯ ಹಿಂದಿನಿಂದ ಶಮೀಮ ತಲೆ ಎತ್ತಿ, ಸ್ಪಷ್ಟವಾಗಿ ಹೇಳಿದಳು:

"ನಾಳಿ ಬರ್ರಿ."

ನಾನು ಮನೆಮಾತಿನಲ್ಲಿ ಹೇಳಿಕೊಟ್ಟ ದಾರ, ಕತ್ತರಿ ಒಂದೂ ಅವಳ ಬಾಯಿಂದ ಬರಲಿಲ್ಲ. ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದ ಸುಳ್ಳೇ ಮೊದಲು ಬಂತು. ಕಟ್ಟೆಯ ಮೇಲಿದ್ದ ಅಕ್ಕೋರು ನಕ್ಕರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ. ರೈತ ಏನೂ ತಿಳಿಯದೆ, ಆಗಲಿ ನಾಳೆಯೇ ಬರುತ್ತೇನೆ ಎಂದು ಹೋದ. ಆ ಶರ್ಟನ್ನು ನಾನು ಬೆಳಗಾಗುವುದರೊಳಗೆ ಹೊಲಿದಿಟ್ಟೆ.

ಅಲ್ಲಿಂದ ಅವರಿಗೆ ಧೈರ್ಯ ಬಂತೋ ಏನೋ, ತಂದೆಯಂದಿರ ಒಂದು ಕೂಟ ಕರೆದರು. ತಾಯಂದಿರನ್ನು, ಅಜ್ಜಿಯರನ್ನು ಅವರು ಮನೆಮನೆಗೆ ಹೋಗಿ ಮಾತಾಡಿಸುತ್ತಲೇ ಇದ್ದರು. ಗಂಡಸರನ್ನು ಕರೆದದ್ದು ಅದೇ ಮೊದಲು. ಅಮವಾಸ್ಯೆಯ ದಿನ ಎತ್ತು ಹೂಡುವುದಿಲ್ಲ, ಅಂದು ಬರಲು ಹೇಳಿದ್ದರು. ಬಂದವರು ಕಡಿಮೆ, ಬಂದವರೂ ಬಾಗಿಲ ಹತ್ತಿರವೇ ಕುಳಿತು ತಂಬಾಕು ತಿಕ್ಕುತ್ತಿದ್ದರು. ಅಕ್ಕೋರು ಭಾಷಣ ಮಾಡಲಿಲ್ಲ. ನಿಮ್ಮ ಸಣ್ಣ ಕೂಸು ಯಾವುದಕ್ಕೆ ಹೆದರುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಿದರು. ಅವರವ್ವನಿಗೆ ಕೇಳಿರಿ ಎಂದ ಒಬ್ಬ. ಗಂಡುಮಗ, ಯಾವುದಕ್ಕೂ ಹೆದರುವುದಿಲ್ಲ ಎಂದ ಇನ್ನೊಬ್ಬ. ಉಳಿದವರು ನೆಲ ನೋಡಿದರು. ಕೊನೆಗೆ ಅವರು ನನ್ನ ಕಡೆ ತಿರುಗಿದರು.

"ಕೋಳಿಗೆ ಹೆದರತಾಳ್ರಿ, ನಾಯಿಗೆ ಹೆದರೂದಿಲ್ಲ," ಎಂದೆ. "ಮಲಗಬೇಕಾದ್ರ ನನ್ನ ಕಿವಿ ಹಿಡ್ಕೊಂಡ ಮಲಗತಾಳ. ಬಿಡಿಸ್ಕೊಂಡ್ರ ಎಚ್ಚರ ಆಗತಾಳ."

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ನಗು ನಿಂತ ಮೇಲೆ ಗಾಡಿ ಹೊಡೆಯುವ ಒಬ್ಬ ಗಂಡಾಳು, ತನ್ನ ಮಗ ರಾತ್ರಿ ಯಾಕೆ ಬೆಚ್ಚಿ ಅಳುತ್ತಾನೆ ಎಂದು ಮೆಲ್ಲಗೆ ಕೇಳಿದ. ಅಕ್ಕೋರು ಅವನ ಹತ್ತಿರ ಹೋಗಿ ಕುಳಿತರು. ಆ ದಿನ ಅವನೊಬ್ಬನ ಜೊತೆಗೇ ಮಾತು ಮುಂದುವರಿಯಿತು, ಬೇರೆಯವರು ಎದ್ದು ಹೋದರು. ಕೂಟ ಕೆಟ್ಟಿತು ಎಂದು ಮಂಡಳದವರು ಅಂದರು. ಅಕ್ಕೋರಿಗೆ ಹಾಗೆ ಅನ್ನಿಸಿದಂತಿರಲಿಲ್ಲ.

ಆದರೆ ಕೂಟದ ನಂತರ ಊರ ಬಾಯಿಗೆ ಬೇರೆಯೇ ವಿಷಯ ಸಿಕ್ಕಿತು. ಅಷ್ಟು ಗಂಡಸರಲ್ಲಿ ಅಕ್ಕೋರು ಕೊನೆಗೆ ಟೇಲರನ ಕಡೆಗೇ ಯಾಕೆ ತಿರುಗಿದರು? ದಿನಾ ಸಂಜೆ ಅವನ ಕಟ್ಟೆಯ ಮೇಲೆ ಏನು ಕೆಲಸ? ಹೆಂಡತಿ ಸತ್ತ ಸಾಬರವನು, ಮದುವೆಯಾಗದ ಅಕ್ಕೋರು. ಇಷ್ಟು ಸಾಕಲ್ಲವೇ. ನನ್ನ ಅಮ್ಮನಿಗೆ ಬೇರೆ ಮಾತು ಕೇಳಿಸದಿದ್ದರೂ ಈ ಮಾತು ಕೇಳಿಸಿತು. ಅವಳು ನನ್ನ ಮುಂದೆ ತಟ್ಟೆ ಇಟ್ಟು ಬೇರೆ ಕಡೆ ನೋಡುತ್ತ ಕುಳಿತಳು. ಅಕ್ಕೋರಿಗೆ ಮಂಡಳದ ಹಿರಿಯರೊಬ್ಬರು ಏನು ಹೇಳಿದರೋ, ಮರುದಿನದಿಂದ ಅವರು ಕಟ್ಟೆಗೆ ಬರಲಿಲ್ಲ. ಶಮೀಮ ಹಲಗೆಗೆ ಗದ್ದ ಊರಿ ಓಣಿಯ ಕಡೆಗೇ ನೋಡುತ್ತಿದ್ದಳು. ಈಗ ಅವಳಿಗೆ ಮಾತು ಬರುತ್ತಿತ್ತು, ಅಕ್ಕೋರು ಎಲ್ಲಿ ಎಂದು ಕೇಳುತ್ತಿದ್ದಳು. ನಾನೇ ಮೂಕನಾಗಿದ್ದೆ.

ಕೆಲವು ದಿನಗಳ ಮೇಲೆ ದಾರ, ಗುಂಡಿ ತರಲು ವಿಜಾಪುರಕ್ಕೆ ಹೊರಟಾಗ ಅದೇ ಬಸ್ಸಿನಲ್ಲಿ ಅವರಿದ್ದರು. ಅವರು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ತಿರುಗಿ ನೋಡಲಿಲ್ಲ. ವಿಜಾಪುರದಲ್ಲಿ ಇಳಿದ ಮೇಲೆ, ಬರುತ್ತೀರೇನು ಎಂದು ಕೇಳಿದರು. ಗೋಳಗುಮ್ಮಟದ ಹೊರಗೆ ಬೇವಿನ ನೆರಳಲ್ಲಿ ಕಡಲೆ ಮಾರುವವರು, ಪ್ರವಾಸದ ಮಂದಿ ತುಂಬಿದ್ದರು. ಎಲ್ಲರೂ ಕಾಣುವ ಜಾಗದಲ್ಲೇ ಕುಳಿತೆವು. ಆ ಗದ್ದಲದಲ್ಲಿ ನಮ್ಮನ್ನು ಯಾರೂ ನೋಡಲಿಲ್ಲ. ಅವರು ಬಬಲೇಶ್ವರಕ್ಕೆ ಹೋಗುತ್ತಿರುವುದಾಗಿ ಹೇಳಿದರು. ಅಲ್ಲಿ ಹೊಸ ಬಾಲವಾಡಿ ಆಗುತ್ತಿತ್ತು, ತಾವೇ ಕೇಳಿಕೊಂಡಿದ್ದರಂತೆ. ಆಮೇಲೆ, ನಾನು ಕೇಳದೆ, ತಮ್ಮ ಮನೆಯ ಸಂಗತಿ ಹೇಳಿದರು.

"ನಮ್ಮವ್ವ ಸತ್ತಾಗ ನಾನೂ ಸಣ್ಣಾಕಿ ಇದ್ದೆರಿ. ತಮ್ಮ ತೊಡಿ ಮ್ಯಾಲಿನ ಕೂಸು. ಅವ ಅಳತಿದ್ದ, ನಾ ಹೊಡೀತಿದ್ದೆ. ಹಸದು ಅಳತಾನೋ, ಹೆದರಿ ಅಳತಾನೋ ತಿಳೀತಿರಲಿಲ್ಲ. ಎತ್ತ ಹೂಡೂದು ಹೇಳಿಕೊಡ್ತಾರ, ರೊಟ್ಟಿ ಬಡಿಯೂದು ಹೇಳಿಕೊಡ್ತಾರ. ಕೂಸಿನ್ನ ಹೆಂಗ ಬೆಳಸೂದು ಅಂತ ಯಾರೂ ಹೇಳಿಕೊಡೂದಿಲ್ರಿ."

ತಮ್ಮ ದೊಡ್ಡವನಾಗಿ ಸೊಲ್ಲಾಪುರದ ಗಿರಣಿಗೆ ಹೋದವನು ಮನೆಗೆ ಬರುವುದನ್ನು ಬಿಟ್ಟಿದ್ದ. ಅವನಿಗೆ ಮಕ್ಕಳಾಗಿದ್ದು ಇವರಿಗೆ ಬೇರೆಯವರಿಂದ ತಿಳಿದಿತ್ತು. ಅವರು ಅಳಲಿಲ್ಲ. ಕಡಲೆಯ ಸಿಪ್ಪೆಗಳನ್ನು ಕಾಗದದಲ್ಲಿ ಕಟ್ಟಿ, ಶಮೀಮಳನ್ನು ತಪ್ಪದೆ ಸಾಲಿಗೆ ಹಾಕಿರಿ ಎಂದು ಹೇಳಿ ಎದ್ದರು. ನನಗೆ ಏನೋ ಹೇಳಬೇಕೆನಿಸಿತು. ಅದು ಏನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅವರು ನನ್ನನ್ನು ಅಣ್ಣಾರ ಎನ್ನುತ್ತಿದ್ದರು, ನಾನು ಅಕ್ಕೋರ ಎನ್ನುತ್ತಿದ್ದೆ. ಅದರಾಚೆಗಿನ ಮಾತು ನಮ್ಮಿಬ್ಬರಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಶಮೀಮ ಸಾಲಿಯ ಎರಡನೆಯ ಇಯತ್ತೆಯಲ್ಲಿದ್ದಾಗ ಅಕ್ಕೋರನ್ನು ನೋಡಬೇಕೆಂದು ಹಟ ಹಿಡಿದಳು. ಅವಳನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೋದೆ. ಮುಟ್ಟಿದಾಗ ಸಂಜೆಯಾಗುತ್ತಿತ್ತು. ಹೊಲದಿಂದ ಬಂದ ತಾಯಂದಿರು, ಕೆಲವು ತಂದೆಯಂದಿರೂ, ಮಕ್ಕಳನ್ನು ಕರೆದೊಯ್ಯಲು ಬಾಲವಾಡಿಯ ಮುಂದೆ ನಿಂತಿದ್ದರು. ಇಂದು ನಿಮ್ಮ ಕೂಸು ಏನು ಆಡಿತು, ಏನು ಹೇಳಿತು ಎಂದು ಅಕ್ಕೋರು ಪ್ರತಿಯೊಬ್ಬರಿಗೂ ತಿಳಿಸುತ್ತಿದ್ದರು. ಒಬ್ಬ ತಂದೆ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು, ಅವನ ಜೊತೆ ಏನೋ ಮಾತಾಡುತ್ತ ಹೋದ. ಸ್ವಲ್ಪ ಹೊತ್ತಿಗೆ ಅಂಗಳ ಖಾಲಿಯಾಯಿತು. ಅವರು ಬಾಗಿಲ ಚಿಲಕ ಹಿಡಿದು, ಖಾಲಿ ಓಣಿಯನ್ನು ನೋಡುತ್ತ ನಿಂತರು. ನಾವು ಬಂದದ್ದು ಆಗಲೂ ಅವರಿಗೆ ಕಂಡಿರಲಿಲ್ಲ.

ನಮ್ಮನ್ನು ಕೋಣೆಗೆ ಕರೆದು ಅವಲಕ್ಕಿ ಕೊಟ್ಟರು. ಕೋಣೆಯಲ್ಲಿದ್ದದ್ದು ಒಂದೇ ತಟ್ಟೆ. ಅದನ್ನು ಶಮೀಮಳಿಗೆ ಕೊಟ್ಟು ನನಗೆ ಡಬ್ಬಿಯ ಮುಚ್ಚಳದಲ್ಲಿ ಹಾಕಿದರು, ತಾವು ತಿನ್ನಲಿಲ್ಲ. ಮಗಳು ಸಾಲಿಯ ಸುದ್ದಿಯನ್ನೆಲ್ಲ ಉಸಿರು ಬಿಡದೆ ಹೇಳಿದಳು. ಅವರು ಕೇಳುತ್ತಲೇ ಇದ್ದರು. ಇಲ್ಲಿ ಹೇಗಿದೆ ಎಂದು ನಾನು ಕೇಳಿದ್ದಕ್ಕೆ, ಮಂದಿ ಒಳ್ಳೆಯವರು ಎಂದರು. ಆಮೇಲೆ, "ಸಂಜಿ ಒಂದು ಉದ್ದ ಆಗತದ ನೋಡ್ರಿ," ಎಂದರು. ಬಸ್ಸಿಗೆ ಹೊತ್ತಾಗಿತ್ತು. ನಾವು ಹೊರಟೆವು.

ಅವರು ತೀರಿಕೊಂಡ ಸುದ್ದಿಯನ್ನು ಆ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಬಬಲೇಶ್ವರದಿಂದ ಬಂದ ಗಿರಾಕಿಯೊಬ್ಬ ತಂದ. ಕಾಮಾಲೆಯಾಗಿತ್ತಂತೆ. ರಜೆಯಲ್ಲಿ ಬಾಲವಾಡಿ ಮುಚ್ಚಿತ್ತು. ಬಾಗಿಲು ತೆರೆಯದ್ದನ್ನು ನೋಡಿ ನೆರೆಯವರು ತಡವಾಗಿ ಕೂಗಿದ್ದರು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಓಣಿಯ ಹೆಂಗಸರು ಬಾಲವಾಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ನೀವು ಯಾರು ಎಂದು ಒಬ್ಬಳು ಕೇಳಿದಳು. ತಿಕೋಟಾದ ಟೇಲರ ಎಂದೆ. ಅದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಸೊಲ್ಲಾಪುರಕ್ಕೆ ತಂತಿ ಕೊಟ್ಟಿದ್ದಾರೆ ಎಂದರು. ತಮ್ಮ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೊನೆಯ ಬಸ್ಸು ಹಿಡಿಯಬೇಕಿತ್ತು.

ಮನೆಗೆ ಬಂದಾಗ ಶಮೀಮ ಎಚ್ಚರವಿದ್ದಳು. ಅಕ್ಕೋರಿಗೆ ಹುಷಾರಿಲ್ಲ ಎಂದಷ್ಟೇ ಅವಳಿಗೆ ಹೇಳಿ ಹೋಗಿದ್ದೆ. ದೂರದ ಊರಿಗೆ ಹೋಗಿದ್ದಾರೆ ಎಂದು ಹೇಳೋಣವೆನಿಸಿತು. ಅವಳ ತಾಯಿಯ ವಿಷಯದಲ್ಲಿ ಹಾಗೆಯೇ ಹೇಳಿದ್ದೆವು. ಹೇಳಲಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು, ಆದದ್ದನ್ನು ಆದ ಹಾಗೆಯೇ ಹೇಳಿದೆ. ಅವಳು ಎಲ್ಲವನ್ನೂ ಕೇಳಿದಳು. ಎಲ್ಲಿ ಮಣ್ಣು ಮಾಡಿದರು, ನೋವಾಗಿತ್ತೇ, ಬಾಯಾರಿದಾಗ ನೀರು ಕೊಟ್ಟವರು ಯಾರು. ತಿಳಿದದ್ದನ್ನು ಹೇಳಿದೆ, ತಿಳಿಯದ್ದನ್ನು ತಿಳಿಯದು ಎಂದೆ.

"ಅವರ ಕೂಡ ಯಾರೂ ಇರಲಿಲ್ಲೇನ, ಅಬ್ಬಾ?" ಎಂದು ಕೊನೆಗೆ ಕೇಳಿದಳು. ಅಕ್ಕೋರ ಬಗ್ಗೆ ಮಾತಾಡುವಾಗ ಅವಳು ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಿದ್ದಳು.

ನಾವಿದ್ದೆವಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆದರೆ ನಾವು ತಿಕೋಟಾದಲ್ಲಿದ್ದೆವು.