ಎಸ್ಟೇಟಿನ ಹೆಸರು ಹೇಳದ ಸುಭದ್ರಾ

ಸುಭದ್ರಾ ಮಾಡುವ ಕೆಲಸ ಏನೆಂದು ಅವಳ ಮನೆಯವರಿಗೇ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಕಳಸದ ಹತ್ತಿರದ ಪುರೋಹಿತರ ಮನೆ ಅವರದು. ಅಪ್ಪ ಊರೂರು ತಿರುಗಿ ಸತ್ಯನಾರಾಯಣ ಪೂಜೆ ಮಾಡಿಸಿ ಮಗಳಿಗೆ ಮೈಸೂರಿನಲ್ಲಿ ಪುರಾತತ್ವ ಓದಿಸಿದರು. ಓದು ಮುಗಿಸಿ ಬಂದವಳು ಮೂಡಿಗೆರೆಯಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ಒಂದು ಕೋಣೆ ಹಿಡಿದು ಬೋರ್ಡು ಹಾಕಿದಳು. ನಕ್ಷೆ ಬರೆಯಲು ನನ್ನನ್ನು ಕರೆದಳು. ನಾನು ಕಾಶೀನಾಥ, ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅವಳಿಗಿಂತ ನೂರು ಪಟ್ಟು ಪುಕ್ಕಲ. ಹಾಗೆಂದು ಅವಳೇ ಹೇಳುವುದು.

ನಮ್ಮ ಕೆಲಸ ಇಷ್ಟೇ. ಯಾರಾದರೂ ರಸ್ತೆ, ರೆಸಾರ್ಟು, ವಿದ್ಯುತ್ ಲೈನು ಮಾಡುವ ಮೊದಲು ಆ ಜಾಗದಲ್ಲಿ ಹಳೆಯ ಕಾಲದ್ದು ಏನಾದರೂ ಇದೆಯೇ ಎಂದು ನಡೆದು ನೋಡಿ, ಅಳೆದು, ನಕ್ಷೆ ಬರೆದು ಕೊಡುವುದು. ಅಗೆಯುವ ಅಧಿಕಾರ ನಮಗಿಲ್ಲ, ಅದಕ್ಕೆ ಸರ್ಕಾರದ ಲೈಸೆನ್ಸು ಬೇಕು. ಕಂಪನಿಗೆ ಸಾಲ ಕೊಡುವ ದೊಡ್ಡ ಬ್ಯಾಂಕುಗಳು ಇಂಥ ವರದಿ ಕೇಳುತ್ತವೆ, ಆದ್ದರಿಂದ ನಮಗೆ ಅನ್ನ. ವರದಿಯ ಒಂದು ಪ್ರತಿ ಪುರಾತತ್ವ ಇಲಾಖೆಗೆ ಹೋಗಲೇಬೇಕು ಎಂಬುದು ಸುಭದ್ರಾಳ ಹಟ. ಅದಕ್ಕೆ ಒಪ್ಪದವರ ಕೆಲಸವನ್ನು ಅವಳು ಮುಟ್ಟುವುದಿಲ್ಲ.

ಅವಳದು ಇನ್ನೊಂದು ಪದ್ಧತಿ ಇದೆ. ಕೆಲಸ ಮುಗಿದ ಮೇಲೆ ಆ ಊರಿನವರನ್ನು ಶಾಲೆಯ ಜಗಲಿಗೆ ಕರೆದು, ಏನು ಸಿಕ್ಕಿತು, ಅದು ಯಾರದು, ಎಷ್ಟು ಹಳೆಯದು ಎಂದು ಹೇಳಿಯೇ ಹೊರಡುವುದು. ‘ಊರಿಗೆ ಒಪ್ಪಿಸೋದು’ ಎನ್ನುತ್ತಾಳೆ ಅದಕ್ಕೆ. ಚಾ, ಬನ್ನು ನಮ್ಮ ಖರ್ಚು. ನಾನು ಎಷ್ಟೋ ಸಲ ಗೊಣಗಿದ್ದೇನೆ. “ಅವ್ರ ಊರಲ್ಲಿ ಅವ್ರ ಹಿರಿಯರ ಕಲ್ಲು ನೋಡಿ ಬಂದು, ಅವ್ರಿಗೇ ಹೇಳ್ದೆ ಹೋಗೋದು ಎಂಥ ಮರ್ಯಾದೆ ಮಾರಾಯ?” ಎಂದು ಬಾಯಿ ಮುಚ್ಚಿಸಿದ್ದಾಳೆ.

ಹೋದ ವರ್ಷ ಮಳೆ ಕಡಿಮೆಯಾಗುತ್ತಿದ್ದ ಹೊತ್ತಿಗೆ ಒಂದು ಎಸ್ಟೇಟಿನ ಕೆಲಸ ಬಂತು. ಎಸ್ಟೇಟಿನ ಹೆಸರು ನಾನೂ ಹೇಳುವ ಹಾಗಿಲ್ಲ. ಜಾವಳಿಗೂ ಬಣಕಲ್ಲಿಗೂ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಒಂದು ಕಂಪನಿ ಅದನ್ನು ಕೊಂಡು ರೆಸಾರ್ಟು ಮಾಡುವುದರಲ್ಲಿತ್ತು. ವ್ಯವಹಾರ ಇನ್ನೂ ಮುಗಿದಿರಲಿಲ್ಲ. ಕಂಪನಿಯ ಕಡೆಯಿಂದ ಅಭಿಷೇಕ್ ಎಂಬ ಯುವಕ ಚಿಕ್ಕಮಗಳೂರಿನಲ್ಲಿ ಕೂತು ಎಲ್ಲ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಹುಡುಗನೇ, ಆದರೆ ಗಾಳಿ ಬೀಸಿದರೂ ಕೋರ್ಟು ಕಾಣುವವನು. ಕಂಪನಿಯ ಹೆಸರು, ಅಲ್ಲಿ ಏನು ಕಟ್ಟುತ್ತಾರೆ ಎಂಬುದು, ಎಸ್ಟೇಟಿನೊಳಗೆ ಏನು ಸಿಕ್ಕಿತು ಎಂಬುದು, ಇವು ಮೂರೂ ಇಲಾಖೆಗೆ ಬಿಟ್ಟು ಬೇರೆ ಯಾರಿಗೂ ಹೋಗಕೂಡದು ಎಂದು ಕರಾರು ಬರೆಸಿಕೊಂಡ. ಈ ಸಲ ಜಗಲಿ ಇಲ್ಲ, ಬನ್ನಿಲ್ಲ. ಸುಭದ್ರಾ ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದಳು. ಮುಂದಿನ ಮಳೆಗಾಲದವರೆಗೆ ಬೇರೆ ಕೆಲಸ ಇರಲಿಲ್ಲ.

ಎಸ್ಟೇಟಿನ ಮೇಲ್ತುದಿಯಲ್ಲಿ, ರೊಬಸ್ಟಾ ಕಾಫಿ ಮುಗಿದು ಕುರುಚಲು ಶುರುವಾಗುವ ಕಡೆ, ಕಳೆ ಹೊಡೆಸಿದಾಗ ಕಲ್ಲುಗಳು ಕಂಡವು. ದುಂಡಗೆ ಹೂತ ಕಲ್ಲುಗಳ ಮೂರು ಸುತ್ತು. ದೊಡ್ಡದರ ನಡುವೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡು. ನಮ್ಮ ಕಡೆ ಇಂಥವಕ್ಕೆ ಪಾಂಡವರ ಮನೆ ಎನ್ನುತ್ತಾರೆ. ಕಬ್ಬಿಣದ ಕಾಲದ, ಎರಡು ಸಾವಿರ ವರ್ಷಕ್ಕೂ ಹಿಂದಿನ ಗೋರಿಗಳು ಅವು. ಬೇರೆ ಕಡೆಯವನ್ನೆಲ್ಲ ಯಾರೋ ಯಾವತ್ತೋ ಒಡೆದಿದ್ದಾರೆ. ಈ ದೊಡ್ಡದರ ಮುಚ್ಚಳ ಕದಲಿರಲಿಲ್ಲ. ಸುಭದ್ರಾ ಚಪ್ಪಡಿಯ ಮೇಲೆ ಅಂಗೈ ಇಟ್ಟು, ಅಂಚಿನುದ್ದಕ್ಕೂ ಸವರುತ್ತ ಒಂದು ಸುತ್ತು ಬಂದಳು.

ಎಡವಟ್ಟು ಆದದ್ದು ಅಲ್ಲಿಂದಲೇ. ಅಳತೆಗೆ ಕಲ್ಲಿನ ಸುತ್ತ ಗೂಟ ನೆಟ್ಟು ಕೆಂಪು ದಾರ ಕಟ್ಟಿದೆವು. ಫೋಟೋದಲ್ಲಿ ಗೆರೆ ಕಾಣಲೆಂದು ಸುಣ್ಣದ ಪುಡಿ ಎಳೆದೆವು. ಸುಭದ್ರಾಗೆ ಬಿಸಿಲಿಗೆ ಹೋದರೆ ನಿಂಬೆಹಣ್ಣಿನ ನೀರು ಆಗಬೇಕು. ಅಲ್ಲೇ ಕುಯ್ದು ಹಿಂಡಿಕೊಂಡು ಹೋಳುಗಳನ್ನು ಅಲ್ಲೇ ಬಿಸಾಕಿದಳು. ಕೆಂಪು ದಾರ, ಸುಣ್ಣದ ಮಂಡಲ, ಕುಯ್ದ ನಿಂಬೆಹಣ್ಣು! ಕಳೆ ಹೊಡೆಯಲು ಬಂದಿದ್ದವರು ನೋಡಿದರು. ಅವರ ಮೇಸ್ತ್ರಿ ಓಂಕಾರಪ್ಪ ಕೇಳಿದ, “ಇದೆಂಥದು ಮೇಡಂ?” ಹೇಳುವ ಹಾಗಿಲ್ಲವಲ್ಲ. “ಸರ್ವೆ” ಎಂದು ಸುಮ್ಮನಾದಳು. ಜಗತ್ತಿನಲ್ಲಿ ಯಾವ ಸರ್ವೆಯವರು ನಿಂಬೆಹಣ್ಣು ಕುಯ್ಯುತ್ತಾರೆ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಎಸ್ಟೇಟಿನಲ್ಲಿ ನಿಧಿ ಇದೆ, ಪೂಜೆ ಶುರುವಾಗಿದೆ ಅಂತ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ.

ವಾರ ಕಳೆಯುವುದರೊಳಗೆ, ಒಂದು ಬೆಳಿಗ್ಗೆ ನಾವು ಹೋಗುವಾಗ ಎಲ್ಲಕ್ಕಿಂತ ಚಿಕ್ಕ ಸುತ್ತಿನ ನಡುವೆ ಗುಂಡಿ. ಮಣ್ಣಿನಡಿ ಇದ್ದ ಚಪ್ಪಡಿ ಎರಡು ಹೋಳು. ಮಣ್ಣಿನ ಮೇಲೆ ಅರಿಶಿನ ಕುಂಕುಮ. ಕಪ್ಪು ಕೆಂಪು ಮಡಕೆಯ ಚೂರುಗಳನ್ನು ಯಾರೋ ಸಿಟ್ಟಿನಿಂದ ಒದ್ದಿದ್ದರು, ಚಿನ್ನ ಸಿಗಲಿಲ್ಲವಲ್ಲ ಎಂದು. ದೊಡ್ಡ ಗೂಡಿನ ಮುಚ್ಚಳದ ಅಂಚಿನಲ್ಲೂ ಹಾರೆ ಹಾಕಿದ ಗುರುತಿತ್ತು. ಹೊತ್ತಾಗಿ ಬಿಟ್ಟು ಹೋಗಿದ್ದರು. ಮತ್ತೆ ಬರುವುದು ಖಂಡಿತ.

ಸುಭದ್ರಾ ಅತ್ತಳು. ಅಳುತ್ತಲೇ ಚೂರುಗಳ ಫೋಟೋ ತೆಗೆದಳು. ಆಮೇಲೆ ಮೂಗು ಒರೆಸಿಕೊಂಡು ಅಭಿಷೇಕನಿಗೆ ಫೋನು ಹಚ್ಚಿ, ಪೊಲೀಸರಿಗೂ ಇಲಾಖೆಗೂ ತಿಳಿಸಲೇಬೇಕು ಎಂದಳು. ಅದಕ್ಕೆ ಅವನು ತಕರಾರು ಮಾಡಲಿಲ್ಲ. ಮುಳ್ಳುತಂತಿ ಬೇಲಿ, ಕಾವಲಿನವನು, ಎಲ್ಲ ಕೊಡುತ್ತೇನೆ ಎಂದ.

“ಬೇಲಿ ಹಾಕಿದ್ರೆ ನಿಧಿ ಇಲ್ಲೇ ಇದೆ ಅಂತ ನಾವೇ ಬೋರ್ಡ್ ಹಾಕಿದ ಹಾಗೆ ಸರ್. ಊರಿಗೆ ಹೇಳ್ಬೇಕು.”

“ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ಮೇಡಂ.”

ಜೀಪಿನಲ್ಲಿ ವಾಪಸು ಬರುವಾಗ ನಾನು ನನ್ನ ಬುದ್ಧಿ ಹೇಳಿದೆ. ನಮಗೆ ಒಪ್ಪಿಸಿದ್ದು ನಕ್ಷೆ, ನಕ್ಷೆ ಕೊಡೋಣ, ಕಾವಲು ಕಂಪನಿಯದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಸಲ ಬಾಯಿಬಿಟ್ಟರೆ ಈ ಜಿಲ್ಲೆಯಲ್ಲಿ ಯಾರೂ ನಮ್ಮನ್ನು ಕರೆಯುವುದಿಲ್ಲ.

“ಮುತ್ತು ಒಡೀತಲ್ಲ ಕಾಶಿ, ಬೆಳಿಗ್ಗೆ ನೋಡಿದ್ಯಲ್ಲ” ಎಂದಳು. “ಕೊಟ್ಟ ಮಾತು ಮೀರಲ್ಲ. ಹಾಗಂತ ಬಾಯಿ ಹೊಲ್ಕೊಂಡೂ ಕೂರಲ್ಲ.”

“ಎರಡೂ ಹೇಗಾಗ್ತದೆ ಮಾರಾಯ್ತಿ?”

“ಆಗ್ತದೆ. ಹೇಗೆ ಅಂತ ಇನ್ನೂ ಗೊತ್ತಿಲ್ಲ.”

ಮರುದಿನ ಅವಳು ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೊರಟಳು. ನಾನೂ ಹೋದೆ, ಅವಳ ಬಾಯಿಗೆ ಹೆದರಿ. ಅಭಿಷೇಕನ ಮುಂದೆ ಕೂತು ನೇರವಾಗಿ ಕೇಳಿದಳು. “ನಿಮ್ಮ ಜಾಗದಲ್ಲಿ ಏನಿದೆ ಅನ್ನೋದು ನಿಮ್ಮ ಗುಟ್ಟು. ಒಪ್ಪಿದೆ. ಆದ್ರೆ ಪಾಂಡವರ ಮನೆ ಅಂದ್ರೆ ಎಂಥದು ಅನ್ನೋದು ನಿಮ್ಮ ಗುಟ್ಟಾ?”

ಅವನು ಯೋಚಿಸಿ, “ಅಲ್ಲ” ಎಂದ.

“ಊರಿನ ಗೋಮಾಳದ ಗುಡ್ಡದ ಮೇಲೆ ಅಂಥದ್ದೇ ಒಂದು ಇದೆ. ಒಡೆದದ್ದು. ದನ ಕಾಯೋರು ಮಳೆ ಬಂದ್ರೆ ಅದರೊಳಗೆ ಕೂರ್ತಾರೆ. ಅಲ್ಲಿಗೆ ಊರಿನವ್ರನ್ನ ಕರೀತೀನಿ. ಅದರ ಬಗ್ಗೆ ಮಾತ್ರ ಹೇಳ್ತೀನಿ. ಎಸ್ಟೇಟು, ಕಂಪನಿ, ಒಂದಕ್ಷರ ಬಾಯಿಂದ ಬರಲ್ಲ. ನಂಬಿಕೆ ಇಲ್ದಿದ್ರೆ ನೀವೇ ಬಂದು ಕೂತ್ಕೊಳಿ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೇಳಲು ಚೆನ್ನಾಗಿತ್ತು. ಆದರೆ ಅಭಿಷೇಕ್ ಹೇಳಿದ್ದೂ ಸರಿಯೇ ಇತ್ತು. “ಯಾರಾದ್ರೂ ಎಸ್ಟೇಟಿನ ಬಗ್ಗೆ ಕೇಳೇ ಕೇಳ್ತಾರೆ. ಆಗ ನಿಮ್ಮ ಬಾಯಿ ತಪ್ಪಿದ್ರೆ ಕೆಲಸ ಅಲ್ಲಿಗೇ ಮುಗೀತು. ನಾನು ಏನೂ ಮಾಡೋಕಾಗಲ್ಲ.”

“ಆಗ್ಲಿ” ಎಂದಳು.

ಭಾನುವಾರ ಗುಡ್ಡಕ್ಕೆ ಊರಿಗೆ ಊರೇ ಬಂತು. ಪುರಾತತ್ವದ ಮೇಲಿನ ಪ್ರೀತಿಯಿಂದ ಎಂದು ತಿಳಿಯಬೇಡಿ. ನಿಧಿ ತೆಗೆಯುವ ಕ್ರಮ ಹೇಳಿಕೊಡುತ್ತಾರೆ ಎಂದು ಅರ್ಧ ಜನ ನಂಬಿದ್ದರು. ಓಂಕಾರಪ್ಪ ಎದುರಿಗೇ ಜಾಗ ಹಿಡಿದಿದ್ದ. ತುಂಗಮ್ಮನವರು ಕೋಲು ಊರಿಕೊಂಡು ಹತ್ತಿ ಬಂದರು. ಎರಡೆಕರೆ ಕಾಫಿ, ಒಂದಿಷ್ಟು ಗದ್ದೆ ಇರುವ ಗೌಡರ ಮನೆಯ ಹಿರಿಯ ಹೆಂಗಸು, ಊರಲ್ಲಿ ಅವರ ಮಾತು ತೆಗೆದುಹಾಕುವವರಿಲ್ಲ. ಅಭಿಷೇಕ್ ಟೋಪಿ ಹಾಕಿಕೊಂಡು, ಗುಡ್ಡ ನೋಡಲು ಬಂದವನ ಹಾಗೆ ಹಿಂದೆ ಒಂದು ಮರದ ಬುಡದಲ್ಲಿ ಕೂತಿದ್ದ.

ಸುಭದ್ರಾ ಒಡೆದ ಕಲ್ಲಿನ ಗೂಡಿನ ಒಳಗೇ ಇಳಿದು ನಿಂತಳು. “ಇದರಲ್ಲಿ ಚಿನ್ನ ಇತ್ತು ಅಂತ ಯಾರೋ ಒಡೆದ್ರು. ಇಲ್ಲಿ ಇದ್ದದ್ದು ಮನುಷ್ಯರ ಮೂಳೆ. ಈ ಗುಡ್ಡದ ಕೆಳಗೆ ಬೇಸಾಯ ಮಾಡಿ, ಇಲ್ಲೇ ಸತ್ತೋರು. ಸತ್ತ ಮೇಲೆ ಮಕ್ಕಳು ಇಷ್ಟು ದೊಡ್ಡ ಕಲ್ಲು ಎಳ್ಕೊಂಡು ಬಂದು ಮನೆ ಕಟ್ಟಿ ಮಲಗಿಸಿದ್ರು” ಎಂದು ಶುರುಮಾಡಿದಳು. ಬೇರೆ ಜಿಲ್ಲೆಗಳಲ್ಲಿ ತೆರೆದು ನೋಡಿದ ಇಂಥ ಗೋರಿಗಳ ಚಿತ್ರ ತೋರಿಸಿದಳು. ಅವಳು ಹೇಳುವಾಗ ನನಗೇ ಮೈ ಜುಮ್ಮೆಂದಿತು, ಹತ್ತು ಸಲ ಕೇಳಿದವನಿಗೆ.

“ಸತ್ತೋರ ಜೊತೆ ಎಂಥ ಇಟ್ಟಿದ್ರು ಮಗಾ?” ತುಂಗಮ್ಮ ಕೇಳಿದರು.

“ಮಡಕೆ ಅಮ್ಮ. ಕಬ್ಬಿಣದ ಕತ್ತಿ, ಬಾಣದ ಮೊನೆ. ಮಡಕೆ ತುಂಬ ಊಟ, ನೀರು ಇಟ್ಟಿರ್ಬೇಕು.”

“ಅಂದ್ರೆ ಎಡೆ ಇಟ್ಟಿದ್ರು ಅನ್ನು. ನಾವು ಹಿರೀರಿಗೆ ಇಡ್ತೀವಲ್ಲ, ಹಂಗೆ.”

“ಹೌದಮ್ಮ. ಹಂಗೆ ಇರ್ಬೇಕು.”

ನಿಧಿಯ ಆಸೆಗೆ ಬಂದವರು ಗೂಡಿನ ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಆಗ ಓಂಕಾರಪ್ಪ ಎದ್ದು ನಿಂತ. ಅವನು ಕೇಳುತ್ತಾನೆ ಎಂದು ನನಗೆ ಗೊತ್ತಿತ್ತು, ಕೇಳಿಯೇಬಿಟ್ಟ.

“ಹಾಗಾದ್ರೆ ಎಸ್ಟೇಟಲ್ಲಿ ಇರೋದೂ ಇದೇಯಾ ಮೇಡಂ?”

ಅಭಿಷೇಕ್ ಟೋಪಿ ತೆಗೆದು ನೆಟ್ಟಗೆ ಕೂತ. ಹೌದೆಂದರೆ ಕೆಲಸ ಹೋಯಿತು. ಇಲ್ಲವೆಂದರೆ ಸುಳ್ಳು, ಜೊತೆಗೆ ಅಲ್ಲಿರುವುದು ಬೇರೆ, ನಿಧಿಯೇ, ಎಂದು ಓಂಕಾರಪ್ಪ ತಿಳಿಯುತ್ತಾನೆ, ದೊಡ್ಡ ಗೂಡೂ ಹೋಗುತ್ತದೆ.

ಸುಭದ್ರಾ ತಡಮಾಡಲಿಲ್ಲ. “ಎಸ್ಟೇಟಿನ ವಿಷಯ ನಾನು ಮಾತಾಡಲ್ಲ ಓಂಕಾರಪ್ಪನೋರೇ. ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಕೆಲಸ ಕೊಟ್ಟೋರಿಗೆ ಮಾತು ಕೊಟ್ಟಿದೀನಿ. ನಿಮಗೆ ಮಾತು ಕೊಟ್ಟಿದ್ರೂ ಹೀಗೇ ಉಳಿಸ್ಕೊಳ್ತಿದ್ದೆ. ಈ ಕಲ್ಲಿನ ಬಗ್ಗೆ ಎಷ್ಟು ಬೇಕಾದ್ರೂ ಕೇಳಿ, ಸಂಜೆವರೆಗೂ ಹೇಳ್ತೀನಿ.”

ಓಂಕಾರಪ್ಪ ಮತ್ತೆ ಬಾಯಿ ತೆರೆದ. ತುಂಗಮ್ಮ ಕೋಲಿನಿಂದ ನೆಲ ಕುಟ್ಟಿದರು. “ಬಿಡೋ ಮಾರಾಯ. ಹೆಣ್ಣುಮಗಳು ಮಾತು ಉಳಿಸ್ಕೊಳ್ತೀನಿ ಅಂತಿದಾಳೆ, ಕೆಡಿಸ್ಬೇಕಾ ನಿಂಗೆ?”

ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಚಾ, ಬನ್ನು ಹಂಚಿದೆವು. ಅಭಿಷೇಕ್ ಚಾ ಕುಡಿದು ನಮಗಿಂತ ಮೊದಲೇ ಇಳಿದು ಹೋದ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಾನು ಒದ್ದಾಡಿದೆ. ಸುಭದ್ರಾ ಮಾತ್ರ ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದಳಂತೆ.

ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಉಳಿದ ಅಳತೆಗೆಂದು ಎಸ್ಟೇಟಿಗೆ ಹೋದೆವು. ಅಭಿಷೇಕನೂ ಬಂದಿದ್ದ, ರೆಸಾರ್ಟಿನ ಕಟ್ಟಡಗಳನ್ನು ಕೆಳಗೆ ಸರಿಸಲು ಆಗುತ್ತದೆಯೇ ಎಂದು ನೋಡಲು. ಮೇಲ್ತುದಿಯಲ್ಲಿ, ಎಸ್ಟೇಟಿನ ಗಡಿಯ ಹಳೆಯ ತಂತಿ ಬೇಲಿಯ ಹೊರಗೆ, ದೊಡ್ಡ ಗೂಡಿಗೆ ಎದುರಾಗಿ, ಸಾಲಾಗಿ ಬಾಳೆ ಎಲೆ ಹಾಕಿತ್ತು. ಕಡುಬು, ಕೋಳಿ ಸಾರು, ಎಲೆ ಅಡಿಕೆ, ಒಂದು ಎಲೆಯಲ್ಲಿ ಸಣ್ಣ ಬಾಟಲಿ. ಪಕ್ಕದಲ್ಲಿ ಒಂದು ಹಾರೆ. ಅದರ ತುದಿಗೆ ಕುಂಕುಮ ಹಚ್ಚಿ, ಅಡ್ಡ ಮಲಗಿಸಿ ಹೋಗಿದ್ದರು. ಯಾರದೆಂದು ನಾವು ಕೇಳಲಿಲ್ಲ. ದೊಡ್ಡ ಗೂಡಿನ ಮುಚ್ಚಳ ಇದ್ದಲ್ಲೇ ಇತ್ತು.

ಸುಭದ್ರಾ ಎಲೆಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಕೋಳಿ ಸಾರಿನ ವಾಸನೆಗೆ ದೂರ ಓಡುವ ಪುರೋಹಿತರ ಮಗಳು ಆ ಎಲೆಗಳಿಗೆ ಕೈ ಮುಗಿದಳು. ನಾನೂ ಚಪ್ಪಲಿ ಕಳಚಿ ನಿಂತೆ.

ಅಭಿಷೇಕನ ಮುಖ ಬಿಳಿಚಿತ್ತು. “ನೀವು ಒಂದಕ್ಷರ ಹೇಳಿಲ್ಲ, ನಾನೇ ಕೂತು ಕೇಳಿದೀನಿ. ಇವ್ರಿಗೆ ಹೇಗೆ ಗೊತ್ತಾಯ್ತು? ಇನ್ನು ಪೇಪರಿಗೆ ಹೋಗುತ್ತೆ, ಎಲ್ಲರಿಗೂ ಗೊತ್ತಾಗುತ್ತೆ.”

ಬೇಲಿಯಾಚೆಯ ದಾರಿಯಲ್ಲಿ ತುಂಗಮ್ಮ ಬರುತ್ತಿದ್ದರು, ಎಡೆಯನ್ನು ಕಾಗೆ ಮುಟ್ಟಿತೋ ಇಲ್ಲವೋ ನೋಡಲು. ಅವನ ಮಾತು ಕೇಳಿಸಿಕೊಂಡು ನಿಂತರು.

“ನೀನು ಅವತ್ತು ಟೋಪಿ ಹಾಕ್ಕೊಂಡು ಕೂತಿದ್ಯಲ್ಲ?” ಎಂದರು. “ಹೆದರ್ಬೇಡ ಕಣಪ್ಪ. ಇಲ್ಲಿ ಎಂಥ ಇದೆ ಅಂತ ಯಾರ್ ಕೇಳಿದ್ರೂ ನಾವು ಹೇಳಲ್ಲ. ಊರೋರೆಲ್ಲ ಸೇರಿ ಮಾತಾಡ್ಕೊಂಡಿದೀವಿ.”

ಅಭಿಷೇಕ್ ಸುಭದ್ರಾಳ ಮುಖ ನೋಡಿದ. ಅವಳು ಎದ್ದು ಸೀರೆಯ ಮಣ್ಣು ಕೊಡವಿಕೊಂಡು, “ಟೇಪು ಹಿಡ್ಕೋ ಕಾಶಿ, ಹೊತ್ತಾಯ್ತು” ಎಂದಳು.

ಇದನ್ನು ಅಚ್ಚಿಗೆ ಕೊಡುವ ಮೊದಲು ಅವಳಿಗೆ ತೋರಿಸಿದೆ. ಊರಿನ ಹೆಸರು ಬರೆದಿದ್ದೆ, ಹೊಡೆದುಹಾಕಿದಳು. ವ್ಯವಹಾರ ಮುಗಿದು ಎಷ್ಟೋ ತಿಂಗಳಾಯಿತಲ್ಲ, ಇನ್ಯಾಕೆ ಎಂದೆ. ತುಂಗಮ್ಮನವರು ಇನ್ನೂ ಯಾರಿಗೂ ಹೇಳಿಲ್ಲ, ನಾವು ಹೇಳಿದರೆ ಅವರ ಮುಖ ಹೇಗೆ ನೋಡುವುದು ಎಂದಳು.