ವೇದವತಿಯವರ ಸ್ವಂತ ಲೈಬ್ರರಿ ಮತ್ತು ದಿಬ್ಬ ಹತ್ತಿದ ನೀರು

ಮಂಡ್ಯ ಸೀಮೆಯಲ್ಲಿ ಗಣಕವಿಜ್ಞಾನದ ಬೋಧನೆ ಬೇರೂರಿದ ಬಗೆಯನ್ನು ಬಲ್ಲವರಾರೂ ಶ್ರೀಮತಿ ವೇದವತಿಯವರ ಹೆಸರನ್ನು ದಾಟಿ ಮುಂದೆ ಹೋಗಲಾರರು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಮಳವಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತ ಮಂಡ್ಯದ ಕಾಲೇಜೊಂದಕ್ಕೆ ಅವರು ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದಾಗ, ಎಲ್ಲ ವಿಭಾಗಗಳಿಗೂ ಸೇರಿ ಅಲ್ಲಿದ್ದದ್ದು ಒಂದೇ ಕಂಪ್ಯೂಟರು. ಅದರೊಳಗಿನ ಲೈಬ್ರರಿಯೆಂದರೆ ಪುಸ್ತಕಗಳದ್ದಲ್ಲ. ಎಲ್ಲರೂ ಎರವಲು ಪಡೆಯುವ ಸಿದ್ಧ ಲೆಕ್ಕವಿಧಾನಗಳ ಭಂಡಾರ. ಕಾಲುವೆಯ ಇಳಿಜಾರನ್ನು ಲೆಕ್ಕಹಾಕುವ ವಿಧಾನ ಅದರಲ್ಲಿ ತಪ್ಪಾಗಿರುವುದನ್ನು ಕಂಡು ವೇದವತಿಯವರು ತಿದ್ದಲು ಹೋದರೆ, ಯಂತ್ರದ ಉಸ್ತುವಾರಿ ಮಹದೇವಯ್ಯನವರು ಬಾಗಿಲಿಗೇ ಅಡ್ಡ ನಿಂತರು.

"ಎಲ್ರೂ ಉಣ್ಣೋ ಮಡಕೆ ಕಣಮ್ಮ ಅದು. ನೀವೊಬ್ರು ಉಪ್ಪಾಕ್ಬುಟ್ರೆ ಮಿಕ್ಕೋರು ನನ್ನ ಬೈತಾರೆ. ನಿಮ್ಮ ಜಾಗದಾಗೆ ಏನಾರಾ ಮಾಡ್ಕೊಳಿ."

ಅವರು ಹಾಗೆಯೇ ಮಾಡಿದರು. ಯಂತ್ರದಲ್ಲಿ ತಮ್ಮ ಪಾಲಿಗೆ ಬಂದಿದ್ದ ಪುಟ್ಟ ಜಾಗದಲ್ಲಿ ತಿದ್ದಿದ ವಿಧಾನವನ್ನಿಟ್ಟು ತಮ್ಮದೇ ಒಂದು ಲೈಬ್ರರಿ ಮಾಡಿಕೊಂಡು, ಮೊದಲು ಅಲ್ಲಿ ಹುಡುಕಿ ಆಮೇಲೆ ಭಂಡಾರಕ್ಕೆ ಹೋಗಬೇಕೆಂದು ಯಂತ್ರಕ್ಕೆ ಅಪ್ಪಣೆ ಕೊಟ್ಟರು. ಲೆಕ್ಕ ಸರಿಯಾಯಿತು.

ಮದ್ದೂರು ಕಡೆಯ ಕಾಲುವೆಯ ಲೆಕ್ಕವನ್ನು ನೀರಾವರಿ ಅಧಿಕಾರಿಗಳಿಗೆ ತೋರಿಸುವ ದಿನ ಬಂತು. ಆಕೆಯ ಕೆಲಸ ಖಾಯಮಾಗುವುದೋ ಬಿಡುವುದೋ ಅಂದೇ ತೀರ್ಮಾನವಾಗಬೇಕಿತ್ತು. ವಿಭಾಗದ ಮುಖ್ಯಸ್ಥರಾದ ಚಲುವನಾರಾಯಣರು, ಕೀರ್ತಿ ಹಿರಿಯರಿಗೆ ಸಲ್ಲಬೇಕೆಂಬ ಸದ್ಭಾವದಿಂದ, ಆ ಲೆಕ್ಕಕ್ಕೆಂದು ಆಕೆ ಬರೆದಿದ್ದ ಪ್ರೋಗ್ರಾಮನ್ನು ತಮ್ಮ ಜಾಗಕ್ಕೆ ನಕಲು ಮಾಡಿಕೊಂಡು ತಾವೇ ಓಡಿಸಿದರು. ಆಕೆ ಕೊಟ್ಟಿದ್ದ ಅಪ್ಪಣೆ ಆಕೆಯ ಜಾಗದಲ್ಲಷ್ಟೇ ನಡೆಯುತ್ತಿದ್ದುದರಿಂದ, ಅಲ್ಲಿಂದ ಯಂತ್ರಕ್ಕೆ ಆಕೆಯ ಲೈಬ್ರರಿಯ ಸುಳಿವೇ ಸಿಗಲಿಲ್ಲ; ಅದು ಭಂಡಾರದ ಹಳೆಯ ವಿಧಾನವನ್ನೇ ಎತ್ತಿಕೊಂಡು, ಬೆಸಗರಹಳ್ಳಿಯ ಬಳಿ ನೀರು ದಿಬ್ಬ ಹತ್ತುತ್ತದೆಂದು ಅಚ್ಚುಹಾಕಿ ಕೊಟ್ಟಿತು. ಚಲುವನಾರಾಯಣರು ಅದನ್ನು ಗಂಭೀರವಾಗಿ ಓದಿಯೂಬಿಟ್ಟರು.

ರೈತರ ಪರವಾಗಿ ಬಂದಿದ್ದ ಪುಟ್ಟಸ್ವಾಮಿಯವರು ಎದ್ದು ನಿಂತರು. "ದಿಬ್ಬದ್ ಮ್ಯಾಲೆ ನಂದೂ ಒಂದ್ ಒಲ ಅದೆ ಸ್ವಾಮಿ. ಯಾವತ್ತಿಂದ ಬುಡ್ತೀರಿ ನೀರ?"

ಮುಖ್ಯಸ್ಥರ ಕಿವಿ ಕೆಂಪಾದುದನ್ನು ಕಂಡು ವೇದವತಿಯವರಿಗೆ ನಗುವೂ ಮರುಕವೂ ಒಟ್ಟಿಗೇ ಬಂದವು. ತಮ್ಮ ಹುದ್ದೆಯನ್ನು ತೀರ್ಮಾನಿಸುವವರ ಎದುರಿಗೇ ಎದ್ದು, "ತಪ್ಪು ನಂದು ಸರ್. ಎಲ್ಲಿ ಹುಡುಕಬೇಕು ಅಂತ ಯಂತ್ರಕ್ಕೆ ಹೇಳಬೇಕಿತ್ತು, ನಾನು ನಿಮಗೆ ತಿಳಿಸಿರಲಿಲ್ಲ," ಎಂದರು. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದರು; ಈ ಸಲ ನೀರು ಮರ್ಯಾದೆಯಿಂದ ಕೆಳಗಿಳಿಯಿತು. ಮೊದಲಿನ ಲೆಕ್ಕವೇ ಚೆನ್ನಾಗಿತ್ತೆಂದು ಗೊಣಗುತ್ತ ಪುಟ್ಟಸ್ವಾಮಿಯವರು ಬಸ್ಸು ಹತ್ತಿದರು.

ಹುದ್ದೆ ಖಾಯಮಾಯಿತು, ಶಿಫಾರಸು ಮಾಡಿದವರು ಚಲುವನಾರಾಯಣರೇ. ಮರುದಿನ ಅವರು ಮೆಲ್ಲಗೆ ಬಂದು, "ನನಗೂ ಒಂದು ಲೈಬ್ರರಿ ಮಾಡಿಕೊಡಮ್ಮ. ಮಹದೇವಯ್ಯಂಗೆ ಗೊತ್ತಾಗೋದು ಬೇಡ," ಎಂದರಂತೆ. ವೇದವತಿಯವರು ಮಾಡಿಕೊಟ್ಟರು, ಮಹದೇವಯ್ಯನವರಿಗೆ ಹೇಳಲಿಲ್ಲ.

ಈಗ ನಿವೃತ್ತರಾಗುತ್ತಿರುವ ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಒದಗಲಿ. ವಿಶ್ರಾಂತಿಯನ್ನು ಮಾತ್ರ ಹಾರೈಸುವಂತಿಲ್ಲ: ಅವರೀಗ ನೆಲೆಸಿರುವ ದುದ್ದ ಊರಿನ ಮನೆಯ ಜಗಲಿಯಲ್ಲಿ ಲೆಕ್ಕ ಹೇಳಿಸಿಕೊಳ್ಳಲು ಮಕ್ಕಳು ಆಗಲೇ ಬಂದು ಕೂತಿದ್ದಾರೆ.