ತುಕ್ಕು ತಿಂದ ಗಾಳಿ

ಮೊನ್ನೆ ಭಾನುವಾರ ನನ್ನ ವೆಲ್ಡಿಂಗ್ ಶಾಪಿನ ಬೆಂಚಿನ ಮೇಲೆ ಕುಳಿತು ಇಬ್ಬರು ಹಿರಿಯರು ಸಬ್‌ಮರೀನ್ ಮುಳುಗಿಸಿದರು, ಎತ್ತಿದರು, ಮತ್ತೆ ಮುಳುಗಿಸಿದರು. ಗೇಟಿನ ಅಳತೆ ಬರೆಯಲು ತೆಗೆದ ಸೀಮೆಸುಣ್ಣ ನನ್ನ ಕೈಯಲ್ಲೇ ಉಳಿಯಿತು.

ಗೇಟು ಬೇಕಾಗಿದ್ದು ಬಸವರಾಜಪ್ಪನವರಿಗೆ. ಯಲಬುರ್ಗಾದವರು, ಈಗ ಗಂಗಾವತಿಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಜೊತೆಗೆ ಬಂದವರು ಕುಷ್ಟಗಿಯ ಮೆಹಬೂಬ ಸಾಬ್. ಇಬ್ಬರೂ ನೌಕಾಪಡೆಯಲ್ಲಿ, ಒಂದೇ ಸಬ್‌ಮರೀನಿನಲ್ಲಿ ದುಡಿದು ರಿಟೈರ್ ಆದವರು. ಅವರ ಬಾಯಲ್ಲಿ ಅದು ಬರೀ ‘ಬೋಟು’. (ನನಗೆ ಬೋಟು ಎಂದರೆ ವಿರೂಪಾಪುರಗಡ್ಡೆಗೆ ಜನರನ್ನು ದಾಟಿಸುತ್ತಿದ್ದ ದೋಣಿ. ಅದರಲ್ಲೇ ನನಗೆ ತಲೆ ತಿರುಗುತ್ತಿತ್ತು.)

“ಮೊದಲನೇ ಸಲ ಬೋಟು ನೀರಾಗ ಮುಳುಗಿದಾಗ ಹೊಸಬರಿಗೆ ಒಂದು ಬಟ್ಟಲ ಸಮುದ್ರದ ನೀರು ಕುಡಸ್ತಾರ್ರಿ. ಇವ ಎರಡು ಕುಡದ” ಎಂದರು ಬಸವರಾಜಪ್ಪ.

“ಎರಡನೇದು ನಿಂದಪಾ. ನೀ ವಾಂತಿ ಮಾಡ್ಕೋತ ಕುಂತಿದ್ದಿ” ಎಂದರು ಮೆಹಬೂಬ ಸಾಬ್. ನನ್ನ ಕಡೆ ತಿರುಗಿ, “ಜಳಕ ಇಲ್ರಿ, ಮೈಯೆಲ್ಲಾ ಡೀಸೆಲ್ ವಾಸನಿ. ರಜಾಕ್ಕ ಬಂದ್ರ ನಮ್ಮಾಕಿ ಬಾಗಲದಾಗ ನಿಂದ್ರಿಸಿ ಎರಡು ಕೊಡ ನೀರು ಸುರದು ಆಮ್ಯಾಲ ಒಳಗ ಕರೀತಿದ್ಲು.”

ಬಸವರಾಜಪ್ಪ ತೋಳು ಮಡಿಚಿ ತೋರಿಸಿದರು. ಹಲ್ಲಿನ ಗುರುತು, ಸಾಲಾಗಿ. “ಸಮುದ್ರದಾಗ ಯಾವ ಮೀನೂ ಕಚ್ಚಲಿಲ್ರಿ. ಈ ಮನುಷ್ಯಾ ಕಚ್ಯಾನ.”

ನಾನು ನಕ್ಕೆ. ಅವರು ನಗಲಿಲ್ಲ.

ಒಮ್ಮೆ ಇವರ ಬೋಟು ದಡಕ್ಕೆ ನಿಂತಿತ್ತಂತೆ. ಪಕ್ಕದಲ್ಲಿ ಯಾರದೋ ಹಳೆಯ ಸರಕು ಸಾಗಿಸುವ ದೋಣಿ. ಅದರ ಕಬ್ಬಿಣದ ಟ್ಯಾಂಕು ತಿಂಗಳುಗಟ್ಟಲೆ ಮುಚ್ಚಿತ್ತು. ಮುಚ್ಚಳ ತೆಗೆದು ಒಬ್ಬ ಇಳಿದ, ಬಿದ್ದ. ಅವನನ್ನು ಎತ್ತಲು ಇನ್ನೊಬ್ಬ ಇಳಿದ. ಅವನೂ ಬಿದ್ದ. ಮೂರನೆಯವನೂ ಅಷ್ಟೇ. ಕೂಗು ಕೇಳಿ ಮೆಹಬೂಬ ಸಾಬ್ ಓಡಿದರು. ಬಸವರಾಜಪ್ಪ ಹಿಂದೆಯೇ ಹೋಗಿ ಅವರನ್ನು ಕೆಡವಿ ಮೇಲೆ ಕುಳಿತುಬಿಟ್ಟರು. ಬಿಡಿಸಿಕೊಳ್ಳಲು ಮೆಹಬೂಬ ಸಾಬ್ ಕಚ್ಚಿದರು. ಬಸವರಾಜಪ್ಪ ಬಿಡಲಿಲ್ಲ.

“ಮೂವರೂ ಸತ್ರು. ಇವ ಬಿಟ್ಟಿದ್ರ ನಾಲ್ಕನೇದವ ನಾನು” ಎಂದರು ಮೆಹಬೂಬ ಸಾಬ್.

“ಒಳಗ ಏನಿತ್ರಿ? ವಿಷದ ಗ್ಯಾಸ್?” ಎಂದು ಕೇಳಿದೆ.

“ಏನೂ ಇದ್ದಿಲ್ಲ. ಅದ ಮತ್ತ. ಕಬ್ಬಿಣ ತುಕ್ಕು ಹಿಡಿಯೂ ಮುಂದ ಗಾಳಿಯಾಗಿನ ಆಕ್ಸಿಜನ್ ತಿಂತೈತಿ. ಮುಚ್ಚಿದ ಟ್ಯಾಂಕಿನಾಗ ತಿಂದು ಮುಗಸ್ತೈತಿ. ವಾಸನಿ ಬರೂದಿಲ್ಲ, ಕಣ್ಣು ಉರಿಯೂದಿಲ್ಲ. ಎರಡು ಉಸರು ಎಳದ್ರ ಮುಗೀತು” ಎಂದರು ಬಸವರಾಜಪ್ಪ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಈ ಅಂಕಣ ಓದುವವರಿಗೆ ಅದು ಗೊತ್ತು, ನಾನು ಮುಚ್ಚಿಟ್ಟಿಲ್ಲ. ಕಬ್ಬಿಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂದುಕೊಂಡೇ ಬದುಕಿದ್ದೇನೆ. ಅರ್ಧ ಆಯಸ್ಸು ಅದರ ಜೊತೆ ಕಳೆದಿದ್ದೇನೆ. ತುಕ್ಕು ಗಾಳಿ ತಿನ್ನುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಮರುಕ್ಷಣ ಸೀಮೆಸುಣ್ಣ ಬಿಸಾಕಿ ಫೋನ್ ಹುಡುಕಿದೆ. ಹುಸೇನಿ.

ಹುಸೇನಿ ನನ್ನ ಜೊತೆ ದುಡಿಯುವವನು. ಕೆಲಸ ಕಲಿಯುವಾಗಿನಿಂದ ಜೊತೆಗಿದ್ದಾನೆ. ಬೆಳಿಗ್ಗೆ ನಾನೇ ಅವನನ್ನು ಕಾರಟಗಿ ರಸ್ತೆಯ ಒಂದು ರೈಸ್ ಮಿಲ್ಲಿಗೆ ಕಳಿಸಿದ್ದೆ. ಬಹಳ ದಿನದಿಂದ ಮುಚ್ಚಿದ್ದ ನೀರಿನ ಟ್ಯಾಂಕು, ತಳದಲ್ಲಿ ತೂತು. “ಒಳಗ ಇಳದು ಒಂದು ಪ್ಯಾಚ್ ಹಾಕು, ಎರಡು ತಾಸಿನ ಕೆಲಸ” ಎಂದಿದ್ದೆ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ಬಸವರಾಜಪ್ಪನವರ ಕಾರಿನಲ್ಲಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ನಾನು ಫೋನ್ ಮಾಡುತ್ತಲೇ ಇದ್ದೆ. ಮಿಲ್ಲಿನ ಹಿತ್ತಲಲ್ಲಿ ಟ್ಯಾಂಕಿಗೆ ಏಣಿ ಒರಗಿಸಿತ್ತು. ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಅವನ ಚೀಲ, ಅದರೊಳಗೆ ಫೋನು. ವೆಲ್ಡಿಂಗ್ ಕೇಬಲ್ಲು ಟ್ಯಾಂಕಿನ ಬಾಯಿಯೊಳಗೆ ನೇರ ಇಳಿದಿತ್ತು. ಹುಸೇನಿ ಇಲ್ಲ.

ಕೂಗಿದೆ. ಕಬ್ಬಿಣ ನನ್ನ ದನಿಯನ್ನೇ ವಾಪಸ್ ಕೊಟ್ಟಿತು.

ಏಣಿ ಹತ್ತಲು ಹೋದೆ. ಮೆಹಬೂಬ ಸಾಬ್ ಹಿಂದಿನಿಂದ ನನ್ನ ಸೊಂಟ ಹಿಡಿದರು. “ಕಚ್ಚತೀಯೇನ? ಕಚ್ಚು. ಬಿಡೂದಿಲ್ಲ.” ಆ ವಯಸ್ಸಿನಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ. ಬಸವರಾಜಪ್ಪ ಮಿಲ್ಲಿನವರನ್ನು ಕೂಗಿ ಹಗ್ಗ ಕೇಳುತ್ತಿದ್ದರು, ಆಂಬುಲೆನ್ಸಿಗೆ ಫೋನ್ ಮಾಡಿ ಎನ್ನುತ್ತಿದ್ದರು.

“ಯಾಕಣ್ಣಾ, ಏನಾತು?”

ಹಿಂದೆ ಹುಸೇನಿ ನಿಂತಿದ್ದ. ಕೈಯಲ್ಲಿ ಬೀಡಿ ಕಟ್ಟು.

ಬೈಯಲು ಬಾಯಿ ತೆರೆದವನು ನೆಲದ ಮೇಲೆ ಕುಳಿತುಬಿಟ್ಟೆ.

“ಕೇಬಲ್ ಇಳಿಸಿ, ಒಂದು ಬೀಡಿ ಸೇದಿ ಇಳೀಬೇಕಂತ ಗಾಳಿಗಿ ಆರಬಾರದಂತ ಟ್ಯಾಂಕಿನ ಬಾಯೊಳಗ ಬಗ್ಗಿ ಕಡ್ಡಿ ಗೀರಿದೆ. ಆರಿತು. ಮತ್ತ ಗೀರಿದೆ, ಆರಿತು. ಬೀಡಿ-ಕಡ್ಡಿ ಎರಡೂ ತಂಪು ಹಿಡದಾವ ಅಂತ ಅಂಗಡಿಗಿ ಹೋಗಿದ್ದೆ. ಈಗ ಇಳೀತೀನಿ ತಗೋ.”

ಬಸವರಾಜಪ್ಪ ಅವನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡರು. “ಕಡ್ಡಿ ತಂಪು ಹಿಡದಿಲ್ಲೋ, ಒಳಗಿನ ಗಾಳಿಯಾಗ ಆಕ್ಸಿಜನ್ ಇಲ್ಲ. ಹಂಗಂತ ಬೆಂಕಿ ಹಚ್ಚಿ ಪರೀಕ್ಷಾ ಮಾಡಬ್ಯಾಡ. ಬ್ಯಾರೆ ಗ್ಯಾಸ್ ಇದ್ರ ಸಿಡದು ಸಾಯ್ತಿ. ಇವತ್ತು ಯಾರೂ ಇಳಿಯೂದಿಲ್ಲ. ಗಾಳಿ ಅಳಿಯೂ ಮಷೀನ್ ಐತಿ, ಅದನ್ನ ತರಿಸಿ ಅಳದ ಮ್ಯಾಲ.” ಬೀಡಿ ಬಿಡು ಎಂದು ನಾನು ಎಷ್ಟು ಸಲ ಬೈದಿದ್ದೇನೋ, ಆ ಬೀಡಿಯೇ ಅವನನ್ನು ಹೊರಗೆ ನಿಲ್ಲಿಸಿತ್ತು. ಇದಕ್ಕೆ ನಗಬೇಕೋ ಅಳಬೇಕೋ?

ಹುಸೇನಿಗೆ ಎಲ್ಲವನ್ನೂ ವಿವರಿಸಿದರು. ತುಕ್ಕು, ಗಾಳಿ, ಆ ಮೂವರು. ಅವನು ಟ್ಯಾಂಕನ್ನು ನೋಡುತ್ತ ಮೆಲ್ಲಗೆ ಕೇಳಿದ:

“ಹಂಗಾದ್ರ ಅಣ್ಣಾ, ನಮ್ಮ ಉಸ್ತಾದ್ ಕುಡದು ಸತ್ತಿಲ್ಲೇನು?”

ನಾಗಪ್ಪ ಉಸ್ತಾದ್ ನಮ್ಮಿಬ್ಬರಿಗೂ ವೆಲ್ಡಿಂಗ್ ಕಲಿಸಿದವರು. ವರ್ಷಗಳ ಹಿಂದೆ ಇಂಥದ್ದೇ ಮುಚ್ಚಿಟ್ಟ ಟ್ಯಾಂಕಿಗೆ ಒಬ್ಬರೇ ಇಳಿದರು. ಮಧ್ಯಾಹ್ನ ಪಕ್ಕದ ತಗಡು ಕತ್ತರಿಸಿ ಹೆಣ ತೆಗೆದೆವು. ಮೈಮೇಲೆ ಗಾಯವಿಲ್ಲ, ಕರೆಂಟ್ ಹೊಡೆದ ಗುರುತಿಲ್ಲ. ಹಬ್ಬ ಹುಣ್ಣಿಮೆಗೆ ಒಂದಿಷ್ಟು ಕುಡಿಯುತ್ತಿದ್ದರು, ಎಲ್ಲರಿಗೂ ಗೊತ್ತಿತ್ತು. “ಕುಡದು ಇಳದಿರಬೇಕು” ಎಂದು ಯಾರೋ ಅಂದರು. ಯಾರೋ ಏನು, ನಾನೇ ಅಂದೆ. ಸಂಜೆಯೊಳಗೆ ಅದು ಊರ ಮಾತಾಯಿತು. ಉಸ್ತಾದರ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರೂ ಅದನ್ನೇ ಕೇಳಿಕೊಂಡು ಎದ್ದು ಹೋದರು.

ಉಸ್ತಾದರ ಹೆಂಡತಿ ಹುಲಿಗಿಯ ಗುಡಿ ಮುಂದೆ ಹೂವು ಮಾರುತ್ತಾರೆ. ಗುಡಿಗೆ ಹೋದಾಗಲೆಲ್ಲ “ಛಲೋ ಅದೀಯೇನಪಾ” ಎಂದು ಕೇಳಿ ಒಂದು ಮೊಳ ಜಾಸ್ತಿ ಕೊಡುತ್ತಾರೆ. ನಾನೂ ಇಸಿದುಕೊಂಡು ಬರುತ್ತೇನೆ.

ಈ ವಾರ ಹೋಗುತ್ತೇನೆ. ‘ಅವ್ವಾ, ಉಸ್ತಾದರನ್ನು ಕೊಂದದ್ದು ಕುಡಿತವಲ್ಲ’ ಎನ್ನುವುದು ಸುಲಭ. ಆ ಮಾತನ್ನು ಮೊದಲು ಆಡಿದ ಬಾಯಿ ಇದೇ ಎಂದು ಹೇಗೆ ಹೇಳಲಿ?